ಬರೆದದ್ದಕ್ಕಿಂತ ನಾಲ್ಕು ಕಮ್ಮಿ

ಆ ಪಿಜ್ಜಾ ಅಂಗಡಿಯಲ್ಲಿ ಓವನ್ನೇ ಇರಲಿಲ್ಲ. ಮೊದಲ ಸಲ ಬಂದವರಿಗೆ ಇದು ತಲೆಗೇ ಹೋಗುತ್ತಿರಲಿಲ್ಲ. ಒಳಗೆ ಬಂದು ಮೂಗರಳಿಸಿ, ಬಿಸಿಯ ವಾಸನೆ ಏನೂ ಬಾರದೆ, ಬಾಗಿಲು ಹಾಕುವ ಹೊತ್ತಿಗೆ ಬಂದೆವೋ ಏನೋ ಎಂದು ಸುತ್ತ ನೋಡುತ್ತಿದ್ದರು. ಅಲ್ಲಿ ಹಿಟ್ಟು ತಟ್ಟಿ, ಸಾಸ್ ಬಳಿದು, ಚೀಸ್ ಉದುರಿಸಿ, ಮೇಲೆ ಬೇಕಾದದ್ದು ಜೋಡಿಸಿ, ಕಾಗದದ ತಟ್ಟೆಯ ಮೇಲಿಟ್ಟು ತೆಳು ಪ್ಲಾಸ್ಟಿಕ್ ಸುತ್ತಿ ಹಸಿಯಾಗಿಯೇ ಕೈಗೆ ಕೊಡುತ್ತಿದ್ದರು. ಮನೆಗೆ ಒಯ್ದು ಬೇಯಿಸಿಕೊಳ್ಳುವುದು ಕೊಂಡವರ ಪಾಲಿನ ಕೆಲಸ. "ಅರ್ಧ ಕೆಲಸಕ್ಕೆ ಪೂರ್ತಿ ದುಡ್ಡಾ?" ಎಂದು ಕೇಳಿದವರೂ ಉಂಟು. ಅಂಥವರಿಗೆ ಅತ್ತಿಗೆ ಒಳಗಿನಿಂದಲೇ ಉತ್ತರ ಕೊಡುತ್ತಿದ್ದಳು. "ಕಷ್ಟದ ಅರ್ಧ ನಾವು ಮಾಡಿದೀವಿ. ನಿಮಗೆ ಉಳಿದಿರೋದು ಗಡಿಯಾರ ನೋಡೋದು."

ಅವಳು ನಿಜವಾಗಿ ಅತ್ತಿಗೆ ಆಗಬೇಕಾದದ್ದು ಒಬ್ಬಳಿಗೇ, ಗಂಡನ ತಂಗಿಗೆ, ಕೌಂಟರಿನಲ್ಲಿ ನಿಲ್ಲುವವಳಿಗೆ. ಆ ನಾದಿನಿ ದಿನಕ್ಕೆ ನೂರು ಸಲ "ಅತ್ತಿಗೇ, ದೊಡ್ಡದೊಂದು" ಎಂದು ಒಳಕ್ಕೆ ಕೂಗಿ ಕೂಗಿ, ಬೀದಿಗೆ ಬೀದಿಯೇ ಆ ಕರೆಯನ್ನು ಹಿಡಿದುಕೊಂಡಿತ್ತು. ಅಂಚೆಯವನಿಗೂ ಅವಳು ಅತ್ತಿಗೆ, ಹಲ್ಲಿನ ಡಾಕ್ಟರಿಗೂ ಅತ್ತಿಗೆ, ಎಪ್ಪತ್ತು ದಾಟಿದ ದರ್ಜಿಗೂ ಅತ್ತಿಗೆ. ನಾದಿನಿಗೋ ನಲವತ್ತೆರಡು ತುಂಬಿತ್ತು, ಶಾಲೆಗೆ ಹೋಗುವ ಮಗಳಿದ್ದಳು, ಆದರೂ ತವರಿನಲ್ಲಿ ಕರೆಯುತ್ತಿದ್ದ 'ಪುಟ್ಟಿ' ಎಂಬ ಹೆಸರು ಅಂಗಡಿಗೂ ಅಂಟಿಕೊಂಡು ಬಂದಿತ್ತು.

ಅತ್ತಿಗೆಯ ಕೆಲಸ ಅಂದರೆ ಕೆಲಸ. ಹಿಟ್ಟಿನ ಉಂಡೆ ತಕ್ಕಡಿಗೆ ಹೋಗುವ ಮೊದಲೇ ಎಷ್ಟು ಗ್ರಾಂ ಎಂದು ಅವಳ ಅಂಗೈ ಹೇಳುತ್ತಿತ್ತು, ತಕ್ಕಡಿ ಹೌದೌದು ಅನ್ನುತ್ತಿತ್ತು. ಅಂಗಡಿಯ ಮೂಲೆಯಲ್ಲಿ 'ನೀವೇ ಮಾಡಿಕೊಳ್ಳಿ' ಎಂಬ ಮೇಜೊಂದಿತ್ತು. ಬಯಸಿದವರು ಏಪ್ರನ್ ಕಟ್ಟಿಕೊಂಡು ಅಲ್ಲಿ ಕೂತು ತಮ್ಮ ಪಿಜ್ಜಾ ತಾವೇ ಅಲಂಕರಿಸಬಹುದು. ಹೆಸರಿಗಷ್ಟೇ 'ನೀವೇ'. ಅತ್ತಿಗೆ ಬೆನ್ನ ಹಿಂದೆ ಬಂದು ನಿಂತು, "ಇಷ್ಟು ಭಾರ ಹೇರಿದ್ರೆ ನಡು ಬೇಯಲ್ಲ" ಎಂದು ಗುಡ್ಡೆ ಹಾಕಿದ ಅಣಬೆಯಲ್ಲಿ ಅರ್ಧ ತೆಗೆದು ಡಬ್ಬಿಗೆ ವಾಪಸು ಹಾಕುತ್ತಿದ್ದಳು. ಮಕ್ಕಳು ಆಲಿವಿನಲ್ಲಿ ಕಣ್ಣು ಮೂಗು ಮಾಡಿದರೆ ಮಾತ್ರ ಏನೂ ಅನ್ನುತ್ತಿರಲಿಲ್ಲ, ಎರಡು ಕಣ್ಣಿನ ನಡುವೆ ಅಂತರ ಸರಿಮಾಡಿ ಹೋಗುತ್ತಿದ್ದಳು.

ತಪ್ಪು ಎಂಬ ಮಾತು ಅವಳ ಬಾಯಲ್ಲಿ ಒಂಟಿಯಾಗಿ ಬಂದದ್ದೇ ಇಲ್ಲ, ಯಾವಾಗಲೂ ಜೊತೆಗೊಬ್ಬರನ್ನು ಕರೆದುಕೊಂಡೇ ಬರುತ್ತಿತ್ತು. ಹಿಟ್ಟು ಉಬ್ಬದಿದ್ದರೆ ಯೀಸ್ಟ್ ತಂದವನ ತಪ್ಪು. ಚೀಸ್ ಅಂಟಿಕೊಂಡರೆ ಫ್ರಿಜ್ ರಿಪೇರಿಯವನ ತಪ್ಪು. ಹಾಲು ಉಕ್ಕಿದರೆ ಆ ಹೊತ್ತಿಗೆ ಫೋನು ಮಾಡಿದವರ ತಪ್ಪು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಗಂಡನ ಪಾಲಿಗೆ ಬಂದ ತಪ್ಪುಗಳನ್ನು ಲೆಕ್ಕ ಇಟ್ಟವರಿಲ್ಲ. ಅವನು ಬಸ್ ಓಡಿಸುವವನು, ದಿನವಿಡೀ ಜನರ ಬೈಗುಳ ಕೇಳಿ ಅಭ್ಯಾಸವಿದ್ದವನು. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದ.

ಪ್ರತಿ ತಟ್ಟೆಯ ಮೇಲೂ ಒಂದು ಚೀಟಿ ಅಂಟಿರುತ್ತಿತ್ತು. ಓವನ್ ಇನ್ನೂರಿಪ್ಪತ್ತು ಡಿಗ್ರಿ ಕಾದಿರಬೇಕು. ಚಿಕ್ಕದಕ್ಕೆ ಹನ್ನೆರಡು ನಿಮಿಷ, ನಡುವಿನದಕ್ಕೆ ಹದಿನಾಲ್ಕು, ದೊಡ್ಡದಕ್ಕೆ ಹದಿನಾರು. ಆರು ವರ್ಷದ ಹಿಂದೆ, ಅಂಗಡಿ ತೆರೆಯುವ ಮುಂಚೆ, ಅತ್ತಿಗೆ ತನ್ನ ಮನೆಯ ಓವನ್ನಿನಲ್ಲಿ ಒಂದು ತಿಂಗಳು ಪಿಜ್ಜಾ ಬೇಯಿಸಿ ಬೇಯಿಸಿ ಈ ನಿಮಿಷಗಳನ್ನು ಗೊತ್ತುಮಾಡಿದ್ದಳು. ಅದನ್ನೆಲ್ಲ ತಿಂದು ಮುಗಿಸಿದ ಗಂಡ ಆಮೇಲೆ ಬಹಳ ಕಾಲ ಟೊಮೆಟೊ ಕಂಡರೆ ಮುಖ ತಿರುಗಿಸುತ್ತಿದ್ದ. ಹಿಟ್ಟು ಯಾರು ಬೇಕಾದರೂ ನಾದಬಹುದು, ಆ ಚೀಟಿ ಮಾತ್ರ ತನ್ನ ವಿದ್ಯೆ ಎಂಬ ಹೆಮ್ಮೆ ಅವಳಿಗೆ.

ಪುಟ್ಟಿಗೊಂದು ಚಾಳಿ ಇತ್ತು. ತಟ್ಟೆ ಕೈಗೆ ಕೊಡುವಾಗ ಸ್ವಲ್ಪ ಮುಂದಕ್ಕೆ ಬಾಗಿ ಗಿರಾಕಿಗೆ ಏನೋ ಮೆಲ್ಲಗೆ ಹೇಳುತ್ತಿದ್ದಳು. ಗಿರಾಕಿ ತಲೆಯಾಡಿಸಿ ನಗುತ್ತಾ ಹೋಗುತ್ತಿದ್ದರು. ಒಳಗೆ ಹಿಟ್ಟು ಕಲಸುವ ಯಂತ್ರದ ಸದ್ದಿಗೆ ಅತ್ತಿಗೆಗೆ ಏನೂ ಕೇಳಿಸುತ್ತಿರಲಿಲ್ಲ. ಇವಳ ಹರಟೆಗೆ ಕೊನೆಯಿಲ್ಲ ಎಂದುಕೊಂಡು ಸುಮ್ಮನಿರುತ್ತಿದ್ದಳು. ಹರಟೆಯಿಂದಲೇ ಅಲ್ಲವೇ ಜನ ತಿರುಗಿ ಬರುವುದು.

ಹೀಗಿರುವಾಗ ಒಂದು ಭಾನುವಾರ ಪುಟ್ಟಿ ತನ್ನ ಮನೆಯ ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದಳು. ಪಾದದ ಮೂಳೆ ಬಿರುಕು ಬಿಟ್ಟು ಮೊಣಕಾಲಿನವರೆಗೆ ಪ್ಲಾಸ್ಟರ್ ಬಂತು. ಡಾಕ್ಟರು ಆರು ವಾರ ಮೂರನೇ ಮಹಡಿಯಿಂದ ಇಳಿಯಕೂಡದು ಅಂದರು. ಅತ್ತಿಗೆ ಬೆಳಿಗ್ಗೆಯೇ ಹಿಟ್ಟಿನ ಕೆಲಸ ಮುಗಿಸಿ, ಮಧ್ಯಾಹ್ನದಿಂದ ತಾನೇ ಕೌಂಟರಿನಲ್ಲಿ ನಿಂತಳು.

ಎಡವಟ್ಟಿಗೆ ಇದಕ್ಕಿಂತ ಕೆಟ್ಟ ಹೊತ್ತು ಸಿಗುತ್ತಿರಲಿಲ್ಲ. ಮುಂದಿನ ವಾರದ ಶುಕ್ರವಾರಕ್ಕೆ ಹತ್ತಿರದ ಶಾಲೆಯಿಂದ ನೂರನಲವತ್ತು ಪಿಜ್ಜಾಗಳ ಆರ್ಡರ್ ಇತ್ತು. ಶಾಲೆಯ ಲೈಬ್ರರಿಗೆ ಕಪಾಟು ಮಾಡಿಸಲು ಮಕ್ಕಳ ಮನೆಯವರೆಲ್ಲ ಒಂದೊಂದು ಕೊಳ್ಳುವುದು, ಅದರಲ್ಲೊಂದು ಪಾಲು ಕಪಾಟಿಗೆ. ಸರಿಹೋದರೆ ಪ್ರತಿ ತಿಂಗಳೂ ಹೀಗೆಯೇ ಎಂದು ಹೆಡ್‌ಮೇಡಂ ಮಾತು ಕೊಟ್ಟಿದ್ದರು. ಒಂದು ವರ್ಷದಿಂದ ಅಂಗಡಿ ತೂಕಡಿಸುತ್ತಿತ್ತು. ಈ ಆರ್ಡರ್ ಕೈಹಿಡಿದರೆ ಅಂಗಡಿ ಉಳಿಯುತ್ತದೆ, ಕೈಬಿಟ್ಟರೆ ವರ್ಷದ ಕೊನೆಗೆ ಬಾಗಿಲು ಹಾಕಬೇಕಾಗುತ್ತದೆ ಎಂಬುದು ಅತ್ತಿಗೆಗೆ ಚೆನ್ನಾಗಿ ಗೊತ್ತಿತ್ತು.

ಮಂಗಳವಾರ ಒಬ್ಬ ಹೊಸ ಗಿರಾಕಿ, ಬ್ಯಾಂಕಿನವನು, ಹಿಂದಿನ ದಿನ ಒಯ್ದಿದ್ದನ್ನು ತಟ್ಟೆ ಸಮೇತ ವಾಪಸು ತಂದ. ಅಂಚು ಕರಕಲು, ತಳ ಇದ್ದಿಲು. "ನಿಮ್ಮ ಓವನ್ ಸರಿ ಇಲ್ಲ" ಅಂದಳು ಅತ್ತಿಗೆ. ಗುರುವಾರ ಒಬ್ಬಳು ನರ್ಸ್ ಬಂದಳು, ಅವಳೂ ಹೊಸಬಳು, ಅವಳದ್ದೂ ಇದ್ದಿಲು. "ಓವನ್ನಿನ ತೀರಾ ಕೆಳಗಿನ ಜಾಲರಿ ಮೇಲೆ ಇಟ್ಟಿರ್ತೀರಿ." ಇಲ್ಲ, ನಡುವೆಯೇ ಇಟ್ಟಿದ್ದೆ ಎಂದಳು ನರ್ಸ್. "ಹಾಗಾದ್ರೆ ಫೋನು ನೋಡ್ತಾ ಕೂತಿರ್ತೀರಿ." ನರ್ಸ್ ಮತ್ತೆ ಬರಲಿಲ್ಲ.

ಶನಿವಾರ ಹೆಡ್‌ಮೇಡಂ ಬಂದರು. ರುಚಿ ನೋಡಲೆಂದು ಒಂದು ಒಯ್ದಿದ್ದರು. ಅವರು ತಟ್ಟೆಯನ್ನೇನೂ ತಂದಿರಲಿಲ್ಲ, ಬಾಯಲ್ಲೇ ಹೇಳಿದರು.

"ಚೀಟಿಯಲ್ಲಿ ಇದ್ದ ಹಾಗೇ ಮಾಡಿದೆ. ಗಡಿಯಾರ ಇಟ್ಟುಕೊಂಡು ಹದಿನಾಲ್ಕು ನಿಮಿಷ. ಓವನ್ ಹೋದ ತಿಂಗಳು ತಾನೇ ಕಂಪನಿಯವರು ಬಂದು ನೋಡಿ ಹೋಗಿದಾರೆ. ಸುಟ್ಟುಹೋಯ್ತು."

ಅತ್ತಿಗೆಯ ನಾಲಗೆ ತುದಿಯಲ್ಲಿ ಉತ್ತರವೊಂದು ಬಂದು ನಿಂತಿತ್ತು. ಶಾಲೆ ನಡೆಸುವವರಿಗೆ ಗಡಿಯಾರ ನೋಡಲು ಬರುವುದಿಲ್ಲ ಎಂದು ಹೇಗೆ ಹೇಳುವುದು. ನುಂಗಿಕೊಂಡಳು.

"ಆರ್ಡರ್ ಕೊಟ್ಟಾಗಿದೆ, ಹಿಂದಕ್ಕೆ ತಗೊಳ್ಳಲ್ಲ. ಆದ್ರೆ ನೂರನಲವತ್ತು ಮನೇಲಿ ಹೀಗೇ ಆದ್ರೆ, ಇನ್ನೊಂದು ಸಲ ನಿಮ್ಮ ಹತ್ರ ಬರೋಕೆ ನನಗೆ ಮುಖ ಇರಲ್ಲ," ಅಂದರು ಹೆಡ್‌ಮೇಡಂ. ಕೋಪ ಏನೂ ಇರಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಅವರ ಹಿಂದೆಯೇ ದರ್ಜಿ ನಿಂತಿದ್ದ. ಪ್ರತಿ ಶನಿವಾರ ತನಗೂ ಹೆಂಡತಿಗೂ ಒಂದು ಚಿಕ್ಕ ಅಣಬೆಯದು ಒಯ್ಯುವವನು. ಕಾಸು ಕೊಟ್ಟು ತಟ್ಟೆ ಕೈಗೆ ತೆಗೆದುಕೊಂಡವನು ಹೋಗದೆ ಅಲ್ಲೇ ನಿಂತ.

"ಮತ್ತೇನು ಬೇಕಿತ್ತು?"

"ಏನಿಲ್ಲ. ಆ ಮಾತು ಬರಲಿಲ್ಲವಲ್ಲ ಅಂತ."

"ಯಾವ ಮಾತು?"

"ಪುಟ್ಟಿ ಹೇಳ್ತಾಳಲ್ಲ, 'ಬರೆದದ್ದಕ್ಕಿಂತ ನಾಲ್ಕು ಕಮ್ಮಿ' ಅಂತ. ಆರು ವರ್ಷದಿಂದ ಕೇಳಿ ಕೇಳಿ ಅಭ್ಯಾಸ ಆಗಿಬಿಟ್ಟಿದೆ. ನನಗೆ ಗೊತ್ತಿದೆ ಅನ್ನಿ, ಆದ್ರೂ ಅವಳ ಬಾಯಲ್ಲಿ ಕೇಳದೇ ಹೋದ್ರೆ ಏನೋ ಮರೆತ ಹಾಗೆ."

ಅತ್ತಿಗೆ ಕೌಂಟರಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ದರ್ಜಿ ತಾನೇನೋ ಆಡಬಾರದ್ದು ಆಡಿದೆನೆಂದು ಆಗಲೇ ಗೊತ್ತಾಗಿ, ಮುಂದಿನ ಪ್ರಶ್ನೆ ಬರುವ ಮೊದಲೇ ಬಾಗಿಲು ದಾಟಿದ್ದ.

ಭಾನುವಾರ ಬೆಳಿಗ್ಗೆ ಅತ್ತಿಗೆ ಮೂರು ಮಹಡಿ ಹತ್ತಿ ನಾದಿನಿಯ ಮನೆಗೆ ಹೋದಳು. ಪುಟ್ಟಿ ಎರಡು ದಿಂಬಿನ ಮೇಲೆ ಕಾಲಿಟ್ಟುಕೊಂಡು ಸೋಫಾದಲ್ಲಿದ್ದಳು. ಪ್ಲಾಸ್ಟರಿನ ಮೇಲೆ ಮಗಳು ಹೂವು ಬಿಡಿಸಿದ್ದಳು. ನೋವು ಹೇಗಿದೆ ಎಂದು ಕೇಳುವುದನ್ನೂ ಮರೆತು ಅತ್ತಿಗೆ ನೇರವಾಗಿ ಕೇಳಿದಳು.

"ನಾಲ್ಕು ಕಮ್ಮಿ ಅಂದ್ರೆ ಏನು?"

ಪುಟ್ಟಿ ಕದ್ದು ಸಿಕ್ಕಿಬಿದ್ದವಳ ಹಾಗೆ ಮುಖ ಮಾಡಲಿಲ್ಲ. ಟಿವಿ ಸದ್ದು ಕಮ್ಮಿ ಮಾಡಿದಳು, ಅಷ್ಟೇ.

"ಯಾರು ಹೇಳಿದ್ರು?"

"ಯಾರಾದ್ರೂ ಹೇಳ್ಲಿ. ನಿನ್ನ ಬಾಯಲ್ಲಿ ಕೇಳ್ಬೇಕು."

"ಚೀಟೀಲಿ ಇರೋಷ್ಟು ನಿಮಿಷ ಇಟ್ರೆ ಸುಟ್ಟುಹೋಗುತ್ತೆ ಅತ್ತಿಗೆ. ನಿಮ್ಮನೇಲಿ ಮಾತ್ರ ಸರಿಯಾಗಿ ಬರುತ್ತೆ. ನನ್ನ ಮನೇಲಿ ಸುಡುತ್ತೆ, ದರ್ಜಿ ಮನೇಲಿ ಸುಡುತ್ತೆ, ಹಲ್ಲಿನ ಡಾಕ್ಟರ ಮನೇಲೂ ಸುಡುತ್ತೆ. ನಾಲ್ಕು ನಿಮಿಷ ಮೊದಲೇ ತೆಗೆದ್ರೆ ಸರಿಹೋಗುತ್ತೆ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ದೆ. ಅಂಗಡಿ ಶುರುವಾದ ಮೊದಲನೇ ವಾರವೇ ಹೇಳಿದ್ದೆ. ನೀವೇನಂದ್ರಿ ನೆನಪಿದೆಯಾ? 'ನಿನಗೆ ಕೌಂಟರ್ ಕೊಟ್ಟಿದೀನಿ, ಓವನ್ ಕೊಟ್ಟಿಲ್ಲ' ಅಂದ್ರಿ. ಹನ್ನೊಂದು ದಿನ ಮಾತು ಬಿಟ್ರಿ." ಪುಟ್ಟಿ ದಿಂಬು ಸರಿಮಾಡಿಕೊಂಡಳು. "ನಿಮಗೊಬ್ಬರಿಗೆ ಹೇಳೋದಕ್ಕಿಂತ ಊರಿಗೆಲ್ಲ ಹೇಳೋದೇ ಸುಲಭ ಅನ್ನಿಸ್ತು."

ಆ ಹನ್ನೊಂದು ದಿನ ಅತ್ತಿಗೆಗೆ ನೆನಪಿತ್ತು. ಯಾಕೆ ಮಾತು ಬಿಟ್ಟಿದ್ದು ಎಂಬುದು ಮಾತ್ರ ಮರೆತುಹೋಗಿತ್ತು. ಈಗ ನೆನಪಾಗಿ ಅವಮಾನವಾಯಿತು, ಅವಮಾನದ ಬೆನ್ನಿಗೇ ಸಿಟ್ಟು ಬಂತು. ಆರು ವರ್ಷ ಇಡೀ ಬೀದಿ ತನ್ನ ಬೆನ್ನ ಹಿಂದೆ ಕಳೆಯುವ ಲೆಕ್ಕ ಮಾಡುತ್ತಿತ್ತು. ಎದುರಿಗೆ ಅತ್ತಿಗೆ ಅತ್ತಿಗೆ ಎನ್ನುತ್ತಾ ಮನೆಗೆ ಹೋಗಿ ಅವಳ ಚೀಟಿಯಿಂದ ನಾಲ್ಕು ತೆಗೆದು ಪಕ್ಕಕ್ಕಿಡುತ್ತಿದ್ದರು. "ನನ್ನ ಮರ್ಯಾದೆ ತೆಗೆದುಬಿಟ್ಟೆ" ಎಂದಷ್ಟೇ ಹೇಳಿ ಎದ್ದಳು.

"ಉಳಿಸಿದ್ದೆ ಅಂದುಕೊಂಡಿದ್ದೆ ನಾನು," ಅಂದಳು ಪುಟ್ಟಿ. ಅತ್ತಿಗೆ ಆಗಲೇ ಮೆಟ್ಟಿಲಿನ ಮೇಲಿದ್ದಳು.

ಬೀದಿಯ ಕೊನೆಯಲ್ಲಿ ಬ್ರೆಡ್ಡಿನವನ ಅಂಗಡಿ. ಯಾರ ಮುಂದೆಯೂ ಕೈಚಾಚದ ಅತ್ತಿಗೆ ಅವತ್ತು ಅವನ ಹತ್ತಿರ ಓವನ್ ಒಳಗಿಟ್ಟು ಶಾಖ ನೋಡುವ ಮೀಟರ್ ಕೇಳಿದಳು. ಅವನು ಯಾಕೆಂದೂ ಕೇಳದೆ ತೆಗೆದುಕೊಟ್ಟ. "ಎಷ್ಟು ದಿನ ಬೇಕಾದ್ರೂ ಇಟ್ಕೊಳ್ಳಿ," ಎಂದು, ಸ್ವಲ್ಪ ತಡೆದು, "ನಮ್ಮನೇಲೂ ನಾಲ್ಕು ಕಮ್ಮಿನೇ ಅತ್ತಿಗೆ," ಅಂದ.

ಮನೆಗೆ ಬಂದು ಓವನ್ನಿನ ತಿರುಗಣೆಯನ್ನು ಇನ್ನೂರಿಪ್ಪತ್ತಕ್ಕೆ ತಿರುಗಿಸಿ ಕಾಯಲು ಬಿಟ್ಟಳು. ಮೀಟರಿನ ಮುಳ್ಳು ನೂರತೊಂಬತ್ತರವರೆಗೆ ಹೋಗಿ ಅಲ್ಲೇ ಕೂತಿತು. ಅರ್ಧ ಗಂಟೆ ಕಾದರೂ ಮೇಲೇಳಲಿಲ್ಲ. ಗಂಡ ಪೇಪರ್ ಹಿಡಿದುಕೊಂಡೇ ಬಂದು ಬಗ್ಗಿ ನೋಡಿದ.

"ಹಳೇ ತಿರುಗಣೆ ಒಡೆದಾಗ ಗುಜರಿ ಅಂಗಡಿಯಿಂದ ತಂದು ಹಾಕಿದ್ನಲ್ಲ, ಅದು ಬೇರೆ ಯಾವುದೋ ಓವನ್ನಿಂದು. ಕೂತುಕೊಳ್ತು, ಆದ್ರೆ ಸ್ವಲ್ಪ ಓರೆಯಾಗಿ. ಅವತ್ತೇ ಹೇಳಿದ್ದೆ ಅಂಕಿ ನಂಬಬೇಡ ಅಂತ."

"ಯಾವತ್ತು?"

"ಅಂಗಡಿ ಶುರುವಾಗೋಕೆ ಒಂದು ವರ್ಷ ಮೊದಲು. ನೀನು, ನನ್ನ ಕೈಗೇ ಗೊತ್ತಾಗುತ್ತೆ, ಅಂಕಿ ಯಾಕೆ ಅಂದೆ."

ಬೇರೆ ದಿನವಾಗಿದ್ದರೆ ಇಲ್ಲೊಂದು ತಪ್ಪು ಗಂಡನ ತಲೆಗೆ ಹೋಗುತ್ತಿತ್ತು. ಅವನೂ ಅದಕ್ಕೆ ತಯಾರಾಗಿಯೇ ನಿಂತಿದ್ದ. ಅತ್ತಿಗೆ ಮುಳ್ಳು ನಿಜವಾದ ಇನ್ನೂರಿಪ್ಪತ್ತು ಮುಟ್ಟುವವರೆಗೆ ತಿರುಗಣೆ ತಿರುಗಿಸಿ, ಒಂದಾದ ಮೇಲೊಂದು ಮೂರು ಪಿಜ್ಜಾ ಬೇಯಿಸಿದಳು. ಚಿಕ್ಕದು ಎಂಟು ನಿಮಿಷ, ನಡುವಿನದು ಹತ್ತು, ದೊಡ್ಡದು ಹನ್ನೆರಡು. ಮೂರೂ ಹೊಂಬಣ್ಣಕ್ಕೆ ಬಂದವು. ಪುಟ್ಟಿಯ ನಾಲ್ಕು ಕೂದಲೆಳೆಯಷ್ಟೂ ಆಚೆ ಈಚೆ ಇರಲಿಲ್ಲ.

ಸೋಮವಾರ ಪ್ರೆಸ್ಸಿನಲ್ಲಿ ಹೊಸ ಚೀಟಿ ಅಚ್ಚಾಯಿತು. ಎಂಟು, ಹತ್ತು, ಹನ್ನೆರಡು. ಹಳೆಯ ಚೀಟಿಗಳ ಸುರುಳಿಯನ್ನು ಅತ್ತಿಗೆ ತಾನೇ ಕಸದ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಎದೆ ಹಗುರಾಯಿತು. ಯಾರ ಮುಂದೆಯೂ ಬಾಯಿ ಬಿಡುವ ಪ್ರಸಂಗ ಬರದೆ ಎಲ್ಲ ಸರಿಹೋಗಿತ್ತು. ಶುಕ್ರವಾರದ ನೂರನಲವತ್ತಕ್ಕೂ ಹೊಸ ಚೀಟಿಯೇ. ಇನ್ನು ಯಾರ ಮನೆಯಲ್ಲೂ ಸುಡುವುದಿಲ್ಲ.

ಸುಡಲಿಲ್ಲ, ನಿಜ. ಬುಧವಾರ ದರ್ಜಿ ಬಂದ. ಹೆಂಡತಿಯ ತಂಗಿ ಬಂದಿದ್ದಳೆಂದು ಹಿಂದಿನ ದಿನ ಇನ್ನೊಂದು ಚಿಕ್ಕದು ಒಯ್ದಿದ್ದನಂತೆ.

"ಮೇಲೆ ಚೀಸ್ ಕರಗಿತ್ತು, ನೋಡೋಕೆ ಚೆನ್ನಾಗೇ ಇತ್ತು. ಕಚ್ಚಿದ್ರೆ ಹಸಿ ಹಿಟ್ಟು ಹಲ್ಲಿಗೆ ಮೆತ್ತಿಕೊಳ್ತು," ಅಂದ. "ಎಂಟು ಅಂತ ಇತ್ತು. ನಾಲ್ಕೇ ನಿಮಿಷ ಇಟ್ಟೆ. ನನಗೂ ಅನುಮಾನ ಬಂತು, ಆದ್ರೆ ಪುಟ್ಟಿ ಲೆಕ್ಕ ಯಾವತ್ತೂ ತಪ್ಪಿಲ್ಲ."

ಅತ್ತಿಗೆಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಹಳೆಯ ಗಿರಾಕಿಗಳೆಲ್ಲ ಚೀಟಿ ಓದಿ ನಾಲ್ಕು ಕಳೆಯುವವರು. ಈಗ ಸರಿಯಾದ ಚೀಟಿಯಿಂದಲೂ ನಾಲ್ಕು ಕಳೆಯುತ್ತಾರೆ. ಶಾಲೆಯ ನೂರನಲವತ್ತು ಮನೆಗಳಲ್ಲಿ ಎಷ್ಟು ಹಳಬರೋ, ಎಷ್ಟು ಹೊಸಬರೋ ಯಾರಿಗೆ ಗೊತ್ತು. ಹಳೆ ಚೀಟಿ ಹಾಕಿದರೆ ಅರ್ಧ ಊರು ಇದ್ದಿಲು ತಿನ್ನುತ್ತದೆ, ಹೊಸದು ಹಾಕಿದರೆ ಉಳಿದರ್ಧ ಹಸಿಹಿಟ್ಟು ತಿನ್ನುತ್ತದೆ.

ಬಾಗಿಲಿಗೆ ದಪ್ಪ ಅಕ್ಷರದಲ್ಲಿ 'ಚೀಟಿ ಬದಲಾಗಿದೆ' ಎಂದು ಬರೆದು ಅಂಟಿಸಿದಳು. ಗುರುವಾರ ಇಡೀ ದಿನ ಜನ ಆ ಕಾಗದವನ್ನೇ ತಳ್ಳಿಕೊಂಡು ಒಳಗೆ ಬಂದರು, ಒಬ್ಬರೂ ಓದಲಿಲ್ಲ. ಬಾಯಿಂದ ಬಂದ ಮಾತನ್ನು ಬಾಯಿಂದಲೇ ತೆಗೆಯಬೇಕು, ಬೇರೆ ದಾರಿಯೇ ಇಲ್ಲ ಎಂದು ಸಂಜೆಯ ಹೊತ್ತಿಗೆ ಅವಳಿಗೆ ಖಾತ್ರಿಯಾಯಿತು.

ಶುಕ್ರವಾರ ನಾಲ್ಕು ಗಂಟೆಗೆ ಶಾಲೆ ಬಿಟ್ಟಿತು. ತಂದೆತಾಯಂದಿರ ಸಾಲು ಬಾಗಿಲು ದಾಟಿ ಪಕ್ಕದ ಚಪ್ಪಲಿ ಅಂಗಡಿಯವರೆಗೂ ಹೋಗಿತ್ತು. ಗಂಡ ರಜೆ ಹಾಕಿ ಬಂದು ಫ್ರಿಜ್ಜಿನಿಂದ ತಟ್ಟೆ ತೆಗೆದು ತೆಗೆದು ಕೊಡುತ್ತಿದ್ದ. ಹೆಡ್‌ಮೇಡಂ ಪಟ್ಟಿ ಹಿಡಿದು ಬಾಗಿಲ ಬಳಿ ನಿಂತಿದ್ದರು.

"ಚೀಟಿ ಬದಲಾಗಿದೆ. ಬರೆದಿರೋಷ್ಟೇ ನಿಮಿಷ ಇಡಿ. ನಾಲ್ಕು ಕಳೀಬೇಡಿ," ಅಂದಳು ಅತ್ತಿಗೆ ಮೊದಲನೆಯವರಿಗೆ. ಅದು ಹಲ್ಲಿನ ಡಾಕ್ಟರ ಹೆಂಡತಿ.

"ಯಾಕೆ? ಪುಟ್ಟಿ ಹಾಗೇ ಹೇಳ್ತಿದ್ಲಲ್ಲ?"

"ಅದು... ಪ್ರೆಸ್ಸಿನಲ್ಲಿ ತಪ್ಪಾಗಿತ್ತು."

ಸಾಲಿನಲ್ಲಿ ಮೂರನೆಯವನು ಕತ್ತು ಉದ್ದ ಮಾಡಿದ. ಪ್ರೆಸ್ಸಿನವನು. ಅವನ ಇಬ್ಬರು ಮಕ್ಕಳೂ ಆ ಶಾಲೆಯವರೇ. "ನನ್ನ ಕಡೆಯಿಂದಲಾ?" ಅಂದ. ಜಗಳದ ದನಿಯಲ್ಲ, ನಿಜವಾಗಿ ಗಾಬರಿಯಾಗಿತ್ತು. "ನೀವು ಕೊಟ್ಟ ಹಾಗೇ ಅಚ್ಚು ಹಾಕಿದ್ನಲ್ಲ ಅತ್ತಿಗೆ. ನೀವು ಬರೆದುಕೊಟ್ಟ ಕಾಗದ ಈಗಲೂ ಫೈಲಲ್ಲಿದೆ."

ಫ್ರಿಜ್ಜಿನ ಹತ್ತಿರ ಗಂಡ ತಟ್ಟೆ ಹಿಡಿದುಕೊಂಡು ನಿಂತುಬಿಟ್ಟ. ಬಾಗಿಲ ಬಳಿ ಹೆಡ್‌ಮೇಡಂ ಪಟ್ಟಿಯಿಂದ ತಲೆಯೆತ್ತಿದರು. ಇನ್ಯಾರ ಹೆಸರಾದರೂ ಸಿಗುತ್ತದೆಯೇ ಎಂದು ಅತ್ತಿಗೆಯ ಮನಸ್ಸು ಒಂದು ಸುತ್ತು ಹುಡುಕಿ ಬರಿಗೈಯಲ್ಲಿ ವಾಪಸು ಬಂತು.

"ಇಲ್ಲ. ನಿಮ್ಮದಲ್ಲ," ಅಂದಳು. "ಮೊದಲಿನ ಚೀಟೀನೇ ತಪ್ಪು. ನನ್ನ ಮನೆ ಓವನ್ ಸರಿ ಇರಲಿಲ್ಲ, ನಾನು ನೋಡಲಿಲ್ಲ. ತಪ್ಪು ನಂದು."

ಡಾಕ್ಟರ ಹೆಂಡತಿ "ಓ, ಅಷ್ಟೇನಾ" ಎಂದು ತಟ್ಟೆ ಎತ್ತಿಕೊಂಡು ಹೋದಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಅತ್ತಿಗೆ ಮುಂದಿನವರ ಕಡೆ ತಿರುಗಿದಳು. "ಬರೆದಿರೋಷ್ಟೇ ಇಡಿ, ನಾಲ್ಕು ಕಳೀಬೇಡಿ. ಮೊದಲು ಬರೆದಿದ್ದು ತಪ್ಪು. ತಪ್ಪು ನಂದು." ಮೊದಲ ಹತ್ತು ಜನರಿಗೆ ಹೇಳುವಾಗ ಕಣ್ಣು ತಟ್ಟೆಯ ಮೇಲೇ ಇತ್ತು. ಮೂವತ್ತರ ಹೊತ್ತಿಗೆ ಅಭ್ಯಾಸವಾಯಿತು. ಐವತ್ತು ದಾಟಿದ ಮೇಲೆ ಚಿಲ್ಲರೆ ಇದೆಯಾ ಎಂದು ಕೇಳುವಷ್ಟೇ ಸಲೀಸಾಗಿ ಬರತೊಡಗಿತು. ಕರಕಲು ಪಿಜ್ಜಾ ವಾಪಸು ತಂದಿದ್ದ ಬ್ಯಾಂಕಿನವನೂ ಸಾಲಿನಲ್ಲಿದ್ದ. ಅವನಿಗೆ ಎರಡು ಸಲ ಹೇಳಿದಳು. ಗಂಡ ಅಷ್ಟನ್ನೂ ಕಿವಿಯಾರೆ ಕೇಳಿದ, ಒಂದನ್ನೂ ಇನ್ನೊಂದು ಕಿವಿಯಲ್ಲಿ ಬಿಡಲಿಲ್ಲ.

ಆರೂವರೆಗೆ ಸಾಲು ಕರಗಿತು. ಫ್ರಿಜ್ಜಿನಲ್ಲಿ ಒಂದೇ ಒಂದು ತಟ್ಟೆ ಉಳಿದಿತ್ತು. ಹೆಡ್‌ಮೇಡಂ ಪಟ್ಟಿ ಮಡಚಿ, "ಮುಂದಿನ ತಿಂಗಳದ್ದು ಆಮೇಲೆ ಮಾತಾಡೋಣ. ಮೊದಲು ನಾನು ಮನೆಗೆ ಹೋಗಿ ಹತ್ತು ನಿಮಿಷ ಇಟ್ಟು ನೋಡ್ತೀನಿ," ಎಂದು ನಕ್ಕು, ಹೊರಗೆ ಹೋಗದೆ ಯಾರಿಗೋ ಬಾಗಿಲು ಹಿಡಿದು ನಿಂತರು.

ಎರಡು ಊರುಗೋಲು ಮೊದಲು ಒಳಗೆ ಬಂದವು, ಆಮೇಲೆ ಹೂವು ಬಿಡಿಸಿದ ಪ್ಲಾಸ್ಟರ್, ಆಮೇಲೆ ಪುಟ್ಟಿ. ಮೂರು ಮಹಡಿ ಇಳಿದು ಬಂದು ಏದುಸಿರು ಬಿಡುತ್ತಿದ್ದಳು. ಹಿಂದೆಯೇ ಮಗಳು.

"ಡಾಕ್ಟರು ಇಳೀಬೇಡ ಅಂದಿರಲಿಲ್ವೇನೆ?" ಅಂದ ಅಣ್ಣ.

"ಮಗಳ ಹೆಸರಲ್ಲಿ ಒಂದು ಇದೆಯಲ್ಲ, ತಗೊಂಡು ಹೋಗೋಣ ಅಂತ," ಅಂದಳು ಪುಟ್ಟಿ, ಅತ್ತಿಗೆಯ ಮುಖವನ್ನೇ ನೋಡುತ್ತಾ. ದರ್ಜಿ ಐದು ಗಂಟೆಗೇ ಫೋನು ಮಾಡಿ ಎಲ್ಲ ವರದಿ ಒಪ್ಪಿಸಿದ್ದ ಎಂಬುದನ್ನು ಹೇಳಲಿಲ್ಲ.

ಅತ್ತಿಗೆ ಕೊನೆಯ ತಟ್ಟೆಯನ್ನು ಕೌಂಟರಿನ ಮೇಲಿಟ್ಟಳು. ನೂರಮೂವತ್ತೊಂಬತ್ತು ಜನರಿಗೆ ಹೇಳಿದ ಮಾತನ್ನು ಇನ್ನೊಬ್ಬಳಿಗೆ ಹೇಳುವುದು ಬಾಕಿ ಇತ್ತು. ಚೀಟಿಯ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಅದು ಸರಿಯಾಗಿಯೇ ಅಂಟಿಕೊಂಡಿತ್ತು. ಕಣ್ಣು ತುಂಬಿಕೊಂಡದ್ದನ್ನು ಈರುಳ್ಳಿಯ ಮೇಲೆ ಹಾಕೋಣವೆಂದರೆ ಈರುಳ್ಳಿ ಹೆಚ್ಚಿದ್ದು ಬೆಳಿಗ್ಗೆ.

"ಬರೆದಿರೋಷ್ಟೇ ಇಡು. ನಾಲ್ಕು ಕಳೀಬೇಡ. ಮೊದಲು ಬರೆದಿದ್ದು ತಪ್ಪು, ತಪ್ಪು ನಂದು," ಎಂದು ಒಂದೇ ಉಸಿರಿಗೆ ಮುಗಿಸಿದಳು.

"ಅದನ್ನ ಎಲ್ಲರಿಗೂ ಹೇಳಿದ್ರಂತೆ," ಅಂದಳು ಪುಟ್ಟಿ. "ನಾನು ಮೂರು ಮಹಡಿ ಇಳಿದು ಬಂದಿದೀನಿ ಅತ್ತಿಗೆ."

ಅತ್ತಿಗೆ ಕೌಂಟರಿನ ಮಗ್ಗುಲಿನ ಹಲಗೆ ಎತ್ತಿ ಈಚೆ ಬಂದಳು. 'ನೀವೇ ಮಾಡಿಕೊಳ್ಳಿ' ಮೇಜಿನಿಂದ ಒಂದು ಸ್ಟೂಲ್ ಎಳೆದು ನಾದಿನಿಯನ್ನು ಕೂರಿಸಿ, ಊರುಗೋಲು ಗೋಡೆಗೆ ಒರಗಿಸಿದಳು. ಆಮೇಲೆ ಇನ್ನೊಂದು ಸಲ ಹೇಳಿದಳು, ಈ ಸಲ ನಿಮಿಷದ ಮಾತು ಬಿಟ್ಟು.